ಕರಡಿಗೆ ಹಿಡಿದ ಕವೆಗೋಲು

ಕಬ್ಬಿನ ಹೊಲಕ್ಕೆ ಕರಡಿ ಹೊಕ್ಕಿದೆ ಎಂಬ ಸುದ್ದಿ ಗಾಣಕ್ಕೆ ಬಂದಾಗ ನಾನು ಕೊಪ್ಪರಿಗೆಯ ಮುಂದೆ ನಿಂತು ಮಡ್ಡಿ ತೆಗೆಯುತ್ತಿದ್ದೆ. ಅದು ಕೈಬಿಟ್ಟು ಓಡುವ ಹೊತ್ತಲ್ಲ. ಕಬ್ಬಿನ ಹಾಲು ಕಾದು, ಸುಣ್ಣದ ತಿಳಿ ಬಿದ್ದು, ಬೆಂಡೆಗಿಡದ ಲೋಳೆ ಸೇರಿದ ಮೇಲೆ ಒಳಗಿನ ಕೊಳೆಯೆಲ್ಲ ಕಪ್ಪಗೆ ಹೆಪ್ಪುಗಟ್ಟಿ ಮೇಲೆ ಬರುತ್ತದೆ. ಕುದಿ ಹತ್ತುವುದರೊಳಗೆ ಅದನ್ನು ತೂತಿನ ಸೌಟಿನಿಂದ ಎತ್ತಿಬಿಡಬೇಕು. ಒಂದು ಕುದಿ ಬಂದಿತೋ, ಮಡ್ಡಿ ಮುರಿದು ಹಾಲಿನಲ್ಲೇ ಕಲೆತು ಬೆಲ್ಲ ಕಪ್ಪಾಗುತ್ತದೆ. ಕಂಪ್ಲಿ ಪೇಟೆಯ ವ್ಯಾಪಾರಿ ಅದನ್ನು ಮುರಿದು ನೋಡಿ, ಮೂಸಿ ನೋಡಿ, ಪಾಕ ತೆಗೆದವನ ಹೆಸರು ಕೇಳುತ್ತಾನೆ. ನನ್ನ ಹೆಸರನ್ನು ಹಾಗೆ ಯಾರೂ ಕೇಳಕೂಡದು ಎಂಬುದು ನನ್ನ ಹಟವಾಗಿತ್ತು.

"ಕರಡಿ ಬಂದೈತ್ರಿ! ಕರಡಿ!" ಎಂದು ಕಬ್ಬು ಕಡಿಯುವವರ ಮೇಸ್ತ್ರಿ ಒಂದೇ ಸಮನೆ ಕೂಗುತ್ತಿದ್ದ.

"ಇರ್ಲಿ, ಮಡ್ಡಿ ತಕ್ಕೊಂತೀನಿ" ಎಂದೆ.

ಒಲೆಗೆ ಉರಿ ಹಾಕುತ್ತಿದ್ದ ಮುದುಕಪ್ಪ ನಕ್ಕುಬಿಟ್ಟ. ಅವನಿಗೆ ಹಲ್ಲು ಉದುರಿದ್ದವು, ನಗು ಮಾತ್ರ ಒಂದೂ ಉದುರಿರಲಿಲ್ಲ.

ನಮ್ಮ ಗಾಣ ಕಂಪ್ಲಿಯಿಂದ ಹಂಪಿಯ ಕಡೆ ಹೋಗುವ ಬಂಡಿದಾರಿಯ ಪಕ್ಕದಲ್ಲಿತ್ತು. ಕಾಲುವೆಯ ನೀರು ಕಟ್ಟಕಡೆಗೆ ತಲುಪುವ ಹೊಲಗಳು ಅವು. ಅವುಗಳ ಆಚೆಗೆ ನೀರೂ ಇಲ್ಲ, ಹೊಲವೂ ಇಲ್ಲ, ಬರೀ ಬಂಡೆಯ ಗುಡ್ಡ. ಆ ಬಂಡೆಗಳ ಸಂದಿನಲ್ಲಿ ಕರಡಿಗಳಿದ್ದವು. ಗುಡ್ಡ ಅವುಗಳದು, ಗದ್ದೆ ನಮ್ಮದು ಎಂದು ಯಾರೂ ಬರೆದುಕೊಡದಿದ್ದರೂ ಎರಡು ಕಡೆಯವರೂ ಬಹಳ ಮಟ್ಟಿಗೆ ಹಾಗೆಯೇ ನಡೆದುಕೊಳ್ಳುತ್ತಿದ್ದೆವು.

ಮದರಾಸಿನಿಂದ ರೈಲಿನಲ್ಲಿ ಬಂದ ಮೂರು ಉರುಳೆಯ ಕಬ್ಬಿಣದ ಗಾಣವನ್ನು ಹತ್ತಾರು ಮನೆಯವರು ಕೂಡಿ ಕೊಂಡಿದ್ದರು. ದೊಡ್ಡ ಕೊಪ್ಪರಿಗೆಯೂ ಕೂಡಿಯೇ ಕೊಂಡದ್ದು. ಎಮ್ಮಿಗನೂರಿನಿಂದ ನನ್ನನ್ನು ಪಾಕ ತೆಗೆಯಲು ಕರೆಸಿದ್ದೂ ಕೂಡಿಯೇ. ಹೀಗೆ ಎಲ್ಲವೂ ಕೂಡಿದ್ದಾದ್ದರಿಂದ ಜಗಳ ಬರದಂತೆ ಒಂದು ಕಟ್ಟು ಮಾಡಿಕೊಂಡಿದ್ದರು. ಹಂಗಾಮಿನಲ್ಲಿ ಒಮ್ಮೆ ಹೊತ್ತಿಸಿದ ಒಲೆ ಮುಗಿಯುವವರೆಗೂ ಆರಬಾರದು. ಒಬ್ಬರ ಕೊನೆಯ ಕೊಪ್ಪರಿಗೆ ಇಳಿಯುವುದರೊಳಗೆ ಮುಂದಿನ ಪಾಳಿಯವರ ಕಬ್ಬು ಗಾಣದ ಬಾಯಿಗೆ ಬಿದ್ದಿರಬೇಕು. ಬೀಳದಿದ್ದರೆ ಪಾಳಿ ಅವರ ಕೈತಪ್ಪಿ ಅವರ ಮುಂದಿನವರಿಗೆ ಹೋಗುತ್ತದೆ, ತಪ್ಪಿಸಿಕೊಂಡವರು ಎಲ್ಲರೂ ಮುಗಿಸಿದ ಮೇಲೆ ಬರಬೇಕು. ಕಾರಣ ಕೇಳುವ ಪದ್ಧತಿ ಇರಲಿಲ್ಲ. ಮದುವೆ, ಸಾವು, ಹೆರಿಗೆ, ಯಾವುದೂ ಲೆಕ್ಕಕ್ಕಿಲ್ಲ. ಕರಡಿಯ ಮಾತು ಅದುವರೆಗೆ ಬಂದಿರಲಿಲ್ಲ, ಅಷ್ಟೆ.

ಆ ದಿನ ಪಾಳಿ ಹಿಡಿಯಬೇಕಾಗಿದ್ದವರು ಗುಡ್ಡದ ಅಂಚಿನ ಹೊಲದ ಹೆಣ್ಣುಮಗಳು, ಎಲ್ಲರೂ ಅವ್ವ ಎಂದೇ ಕರೆಯುತ್ತಿದ್ದವರು. ಕಬ್ಬು ನಾಟಿ ಮಾಡಿದ ತಿಂಗಳೇ ಅವರ ಗಂಡ ತೀರಿಕೊಂಡಿದ್ದರು. ಹೆಣ್ಣುಮಗಳ ಕೈಲಿ ಕಬ್ಬು ಆಗುವುದಿಲ್ಲ, ಹೊಲ ನಮಗೆ ಬಿಡು ಎಂದು ಮೈದುನಂದಿರು ಗಂಟುಬಿದ್ದಿದ್ದರು. ಒಂದು ಬೆಳೆ ಮಾಡಿ ತೋರಿಸುತ್ತೇನೆ, ಆಗದಿದ್ದರೆ ನೀವೇ ತೆಗೆದುಕೊಳ್ಳಿರಿ ಎಂದು ಅವ್ವ ಹಿರಿಯರ ಮುಂದೆ ಮಾತು ಕೊಟ್ಟಿದ್ದರು. ವರ್ಷವಿಡೀ ನೀರು ಕಟ್ಟಿದ್ದು, ಕಬ್ಬಿನ ಒಣಗರಿ, ರವದಿ, ಸುಲಿದದ್ದು, ಬೇಲಿ ಕಟ್ಟಿದ್ದು ಎಲ್ಲವೂ ಅವರೇ. ಶಿವರಾತ್ರಿ ಕಳೆದು ಬಿಸಿಲು ಏರುತ್ತಿತ್ತು. ಈಗ ಪಾಳಿ ತಪ್ಪಿ ಕೊನೆಗೆ ಹೋದರೆ ಕಬ್ಬು ಒಣಗಿ ಬೆಂಡಾಗುತ್ತಿತ್ತು, ಹೊಲ ಮೈದುನಂದಿರ ಪಾಲಾಗುತ್ತಿತ್ತು. ಇದು ಗಾಣದ ಎತ್ತುಗಳನ್ನು ಬಿಟ್ಟು ಮಿಕ್ಕ ಎಲ್ಲರಿಗೂ ಗೊತ್ತಿತ್ತು.

ಅವ್ವನ ನಂತರದ ಪಾಳಿ ಅಕ್ಕಿ ಗಿರಣಿಯ ಸಾಹುಕಾರರದು. ಕೆಟ್ಟವರಲ್ಲ. ಆದರೆ ಅವರ ಕಬ್ಬೂ ಬಿಸಿಲಿನಲ್ಲೇ ನಿಂತಿತ್ತು. ಕರಡಿಯ ಸುದ್ದಿ ಕಿವಿಗೆ ಬಿದ್ದದ್ದೇ ಬಂಡಿ ತುಂಬಿಸಿಕೊಂಡು ಬಂದು ಗಾಣದ ಕಣಕ್ಕೆ ಅಡ್ಡ ನಿಲ್ಲಿಸಿ, ಹಣೆಯ ವಿಭೂತಿ ಬೆವರಿಗೆ ಕರಗದಂತೆ ಹೆಗಲ ವಲ್ಲಿಯಿಂದ ಒತ್ತಿಕೊಳ್ಳುತ್ತಾ, ಮರುಕದ ಮುಖ ಮಾಡಿಕೊಂಡು ಅದರ ಮೇಲೇ ಕುಳಿತರು.

ನಾನು ಮಡ್ಡಿ ತೆಗೆದು, ಉರಿ ಏರಿಸಲು ಹೇಳಿ, ಹೊರಗೆ ಬರುವ ಹೊತ್ತಿಗೆ ಹುಣಸೆ ಮರದ ಕೆಳಗೆ ದೊಡ್ಡ ಸಭೆ ಸೇರಿತ್ತು. ಆ ಕೊಪ್ಪರಿಗೆಯಾದ ಮೇಲೆ ಹಿಂದಿನ ಪಾಳಿಯವರ ಹಾಲು ಇನ್ನೆರಡು ಕೊಪ್ಪರಿಗೆಗಾಗುವಷ್ಟು ಉಳಿದಿತ್ತು. ಅವ್ವನಿಗೆ ಇದ್ದ ಕಾಲ ಅಷ್ಟೇ.

ಮೇಸ್ತ್ರಿ ನಡೆದದ್ದನ್ನು ಹೇಳಿದ. ಬೆಳಿಗ್ಗೆ ಕಡಿಯುವವರೆಲ್ಲ ಹೊಲಕ್ಕೆ ಇಳಿದು ನಾಲ್ಕು ಸಾಲು ಕಡಿದಿರಲಿಲ್ಲ, ಒಳಗಿನಿಂದ ಗುರ್ ಎಂದಿತು. ಹಂದಿ ಎಂದುಕೊಂಡು ಹೆಂಟೆ ಎಸೆದರು. ಎದ್ದು ನಿಂತದ್ದು ಕರಡಿ. ಎಲ್ಲರೂ ಎದ್ದೆವೋ ಬಿದ್ದೆವೋ ಎಂದು ಹೊರಗೆ ಓಡಿಬಂದರು. ಆಮೇಲೆ ಹೊಲದ ಸುತ್ತ ನಿಂತು ಡಬ್ಬಿ ಬಡಿದರು, ಹಲಗೆ ಬಾರಿಸಿದರು, ಬಾಯಿಗೆ ಬಂದಂತೆ ಬೈದರು. ಕರಡಿ ಹೋಗಲೊಲ್ಲದು.

"ಬೀಗರ ಮನಿಗೆ ಬಂದಂಗ ಕುಂತೈತ್ರಿ. ಕಬ್ಬಿನ ರುಚಿ ಹತ್ತೈತಿ ಅದಕ್ಕ" ಎಂದ ಮೇಸ್ತ್ರಿ.

ಕೋವಿ ಎಂಬುದು ಕಲೆಕ್ಟರರ ಪರವಾನಗಿ ಇದ್ದವರ ಮನೆಯಲ್ಲಿ ಮಾತ್ರ ಇರುತ್ತಿದ್ದ ಕಾಲ. ನಮ್ಮ ಸೀಮೆಯಲ್ಲಿ ಅದು ಹೊಸಪೇಟೆಯ ಒಬ್ಬ ಜಮೀನುದಾರರ ಹತ್ತಿರವಿತ್ತು. ಆಳು ಕುದುರೆಗಾಡಿ ಹಿಡಿದು ಹೋದರೂ ಪ್ರಯೋಜನವಿರಲಿಲ್ಲ. ಅವರು ನೆಂಟರ ಲಗ್ನಕ್ಕೆಂದು ಸಂಡೂರಿಗೆ ಹೋಗಿದ್ದರು, ಕೋವಿಯನ್ನೂ ಜೊತೆಗೇ ಕರೆದುಕೊಂಡು ಹೋಗಿದ್ದರು.

ಹೀಗಾಗಿ ಕೈಗೆ ಸಿಕ್ಕ ಒಕ್ಕಲುತನದ ಸಾಮಾನುಗಳೇ ಆಯುಧಗಳಾಗಬೇಕಾಯಿತು. ಮರದ ಬುಡದಲ್ಲಿ ಅವು ರಾಶಿ ಬಿದ್ದವು. ಪ್ರತಿಯೊಬ್ಬನೂ ತನ್ನ ಮನೆಯ ಸಾಮಾನನ್ನೇ ಹೊಗಳುವವನು. ಸಂಬಂಧ ಕುದುರಿಸುವ ಕಡೆ ಹೆಣ್ಣಿನ ಗುಣ ಹೇಳುವುದನ್ನು ನಾನು ಕೇಳಿದ್ದೇನೆ, ಗುದ್ದಲಿಯ ಗುಣ ಹೇಳುವುದನ್ನು ಅಂದೇ ಕೇಳಿದ್ದು. ನನ್ನ ಬಾಯಿ ಸುಮ್ಮನಿರುವ ಜಾತಿಯದಲ್ಲ. ಒಂದೊಂದನ್ನೂ ಎತ್ತಿ ನೋಡಿ ಹುಳುಕು ಹೇಳತೊಡಗಿದೆ.

ಮೊದಲು ಮೇಸ್ತ್ರಿಯ ಕೊಯ್ತಾ. ಕಬ್ಬು ಕಡಿಯುವ ಆ ಕತ್ತಿಯ ಬಾಯಿ ಗಡ್ಡ ಬೋಳಿಸುವಷ್ಟು ಹರಿತ. ಆದರೆ ಉದ್ದ ಎಷ್ಟು? ಒಂದು ಮೊಳ. ಕರಡಿಯ ಕೈ ಅದಕ್ಕಿಂತ ಉದ್ದ. "ನೀ ಅದರ ಮೈಗೆ ಮುಟ್ಟಿಸೂದರೊಳಗ ಅದು ನಿನ್ನ ಮಾರಿ ಸವರಿರತೈತಿ" ಎಂದೆ. ಮೇಸ್ತ್ರಿ ತನ್ನ ಮುಖ ಮುಟ್ಟಿಕೊಂಡು ಕೊಯ್ತಾವನ್ನು ಹಿಂದಕ್ಕೆ ಇಟ್ಟುಕೊಂಡ.

ಗುದ್ದಲಿ ಎತ್ತಿ ಹೊಡೆಯಲು ಬೆನ್ನು ಬಾಗಬೇಕು. ಮೊದಲ ಏಟು ತಪ್ಪಿದರೆ ಎರಡನೆಯದನ್ನು ಎತ್ತುವವರೆಗೆ ಕರಡಿ ಕಾಯುವುದಿಲ್ಲ, ಅಲ್ಲದೆ ಬಾಗಿದ ಕುತ್ತಿಗೆ ಅದರ ಬಾಯಿಗೆ ಸರಿಯಾಗಿ ಎಟುಕುತ್ತದೆ. ಹಾರೆ ಬಂಡೆ ಮೀಟಲು ಸೈ, ಓಡುವಾಗ ಅದನ್ನು ಹೊತ್ತವನೇ ಹಿಂದೆ ಉಳಿಯುತ್ತಾನೆ. ಹುಲ್ಲು ಎಳೆಯುವ ಜಂತಗುಂಟಿ ಉದ್ದವೇನೋ ಇದೆ, ಆದರೆ ಹಲ್ಲುಗಳು ಕಟ್ಟಿಗೆಯವು, ಕರಡಿ ಒಮ್ಮೆ ಹಿಡಿದು ತಿರುವಿದರೆ ಒಲೆಗೆ ಹಾಕಲೂ ಸಾಲದಷ್ಟು ಪುಡಿ.

ಮೇಸ್ತ್ರಿ ಸುಮ್ಮನಾಗುವವನಲ್ಲ. ಕೊಡಲಿ ತಂದ. "ಇದಕ್ಕೇನಂತಿ?" ಎನ್ನುತ್ತಾ ಎಲ್ಲರನ್ನೂ ದೂರ ಸರಿಸಿ, ಎರಡು ಕೈಲಿ ಎತ್ತಿ ಗಾಳಿಯಲ್ಲಿ ಬೀಸಿದ. ಬೇಸಗೆಗೆ ಮರದ ಹಿಡಿ, ಅಂದರೆ ಕಾವು, ಒಣಗಿ ಸಣ್ಣಗಾಗಿರುತ್ತದೆ, ಕೊಡಲಿಯನ್ನು ಹಿಂದಿನ ದಿನವೇ ನೀರಿನಲ್ಲಿ ನೆನೆಹಾಕಬೇಕು ಎಂಬುದು ಎಲ್ಲರಿಗೂ ತಿಳಿದ ಮಾತು. ಆ ಗಡಿಬಿಡಿಯಲ್ಲಿ ಯಾರಿಗೂ ನೆನಪಾಗಲಿಲ್ಲ. ಕಾವು ಅವನ ಕೈಯಲ್ಲೇ ಉಳಿಯಿತು. ಕೊಡಲಿ ಹಾರಿಹೋಗಿ ಸಾಹುಕಾರರ ಬಂಡಿಯ ಕಬ್ಬಿನೊಳಗೆ ಕಚ್ಚಿಕೊಂಡಿತು.

"ಲೇ! ಕರಡಿಗಿಂತ ಮೊದಲ ನನ್ನ ಕೊಲ್ತಿ!" ಎಂದು ಸಾಹುಕಾರರು ಬಂಡಿಯಿಂದ ಕೆಳಗೆ ಜಿಗಿದರು. ಸಭೆಗೆ ಸಭೆಯೇ ನಕ್ಕಿತು.

ನಗದೆ ನಿಂತಿದ್ದವರು ಅವ್ವ ಒಬ್ಬರೇ. ಹೊಲದ ಬೇಲಿ ಸುತ್ತಿ ಆಗಷ್ಟೇ ಬಂದಿದ್ದರು. ಮೊಣಕಾಲಿನವರೆಗೆ ಮುಳ್ಳು ಗೀರಿತ್ತು. "ಆತ ಎಲ್ಲಾದಕ್ಕೂ ಹೆಸರಿಟ್ಟ. ಹಂಗಾರ ಯಾವುದು ತಗೋಬೇಕು ಅನ್ನೂದನ್ನೂ ಆತನ ಹೇಳ್ಲಿ. ಹೇಳು ಪಾಕದಣ್ಣ" ಎಂದರು.

ನನ್ನ ಬಾಯಿಯೇ ನನ್ನನ್ನು ಸಿಕ್ಕಿಸಿತ್ತು. ಏನಾದರೂ ಹೇಳಲೇಬೇಕಲ್ಲ ಎಂದು ಸುತ್ತ ನೋಡಿದೆ. ಅವ್ವ ಊರಿಕೊಂಡು ನಿಂತಿದ್ದ ಕವೆಗೋಲು ಕಣ್ಣಿಗೆ ಬಿತ್ತು. ಜಾಲಿಮುಳ್ಳಿನ ಕೊಂಬೆಗಳನ್ನು ಬೇಲಿಗೆ ಒತ್ತಲು, ಬೇಲಿಯಲ್ಲಿ ಓಡಾಡಲು ಬಿಟ್ಟ ಕಂಡಿ ತೆರೆಯುವಾಗ ಮುಳ್ಳನ್ನು ಎಳೆದು ಹಾಕಲು ಬಳಸುವ ಕೋಲು ಅದು. ಒಂದೂವರೆ ಆಳುದ್ದ, ತುದಿಯಲ್ಲಿ ಕವಲು. ಅದಕ್ಕೆ ಹರಿತವಿಲ್ಲ, ತೂಕವಿಲ್ಲ, ಕಬ್ಬಿಣದ ಚೂರೂ ಇಲ್ಲ. ಆದರೆ ಅದರ ಕವಲಿಗೆ ಒಂದು ಜಾಲಿ ಕೊಂಬೆ ಸಿಕ್ಕಿಸಿ ಮುಂದೆ ಹಿಡಿದರೆ, ನಾನು ಇಲ್ಲಿ, ಮುಳ್ಳು ಅಲ್ಲಿ, ಕರಡಿ ಮುಳ್ಳಿನ ಆಚೆ. ಗುದ್ದಾಡುವ ಪ್ರಮೇಯವೇ ಇಲ್ಲ. ಎಂಥ ಪುಂಡ ಹೋರಿಯಾದರೂ ಮುಖಕ್ಕೆ ಮುಳ್ಳು ಹಿಡಿದರೆ ಹಿಂದೆ ಸರಿಯುವುದನ್ನು ಕಂಡಿದ್ದೆ. ಕರಡಿಗೂ ಕಣ್ಣಿರುತ್ತವೆ, ಮೂಗಿರುತ್ತದೆ.

"ಇದ" ಎಂದು ಅವ್ವನ ಕೈಯಿಂದ ಕೋಲು ತೆಗೆದುಕೊಂಡೆ.

"ಕರಡಿಗೆ ಬೇಲಿ ಹಾಕ್ತೀಯೇನೋ?" ಎಂದು ಸಾಹುಕಾರರು ಹೊಟ್ಟೆ ಹಿಡಿದುಕೊಂಡು ನಕ್ಕರು.

"ಮತ್ತ ನೀವ ಬರ್ರಿ ಸಾವ್ಕಾರ್ರ, ನೊಗ ತಗೊಂಡು."

"ಬ್ಯಾಡ ಬ್ಯಾಡ, ನೀನ ಹೋಗಿ ಬಾ. ನಾ ಇಲ್ಲಿ ಒಲಿ ನೋಡಕೋತೀನಿ."

ಅವರು ಒಲೆ ನೋಡಿಕೊಳ್ಳುತ್ತೇನೆ ಎಂದದ್ದು ನನಗೆ ಕರಡಿಗಿಂತ ಹೆಚ್ಚು ದಿಗಿಲು ಹುಟ್ಟಿಸಿತು. ಆ ಕೊಪ್ಪರಿಗೆಯ ಪಾಕ ಬರುವವರೆಗೆ ಜಾಗ ಬಿಟ್ಟು ಕದಲಲಿಲ್ಲ. ಬೆಲ್ಲ ಅಚ್ಚಿಗೆ ಸುರಿದು, ಮುಂದಿನ ಕೊಪ್ಪರಿಗೆಗೆ ಹಸಿ ಹಾಲು ತುಂಬಿಸಿದೆ. ಹಾಲು ಕಾಯ್ದು ಮಡ್ಡಿ ಏಳುವವರೆಗೆ ಪಾಕದವನಿಗೆ ಬಿಡುವು. ಮುದುಕಪ್ಪನಿಗೆ ಉರಿ ಸಣ್ಣಗಿಡಲು ಹೇಳಿ, ಕವೆಗೋಲಿಗೆ ಒಣ ಜಾಲಿ ಕೊಂಬೆ ಸಿಕ್ಕಿಸಿಕೊಂಡು ಹೊರಟೆ. ಮೇಸ್ತ್ರಿ ಮತ್ತು ಅವನ ಆಳುಗಳು ನನ್ನ ಹಿಂದೆ. ಅವರು ನನ್ನ ಹಿಂದಿದ್ದಾರೆ ಎಂಬ ಧೈರ್ಯ ನನಗೆ, ನಾನು ಮುಂದಿದ್ದೇನೆ ಎಂಬ ಧೈರ್ಯ ಅವರಿಗೆ.

ಗಾಣದ ಕಡೆಯಿಂದ ಬಂಡಿ ಹೋಗುವ ಕಂಡಿ ತೆರೆದು ಒಳಹೊಕ್ಕೆವು. ಈ ಕಡೆಯಿಂದ ನೂಕಿದರೆ ಅದು ಆ ಕಡೆಯ ಗುಡ್ಡಕ್ಕೆ ಹೋಗುತ್ತದೆ ಎಂಬುದು ನಮ್ಮ ಲೆಕ್ಕ. ಕಬ್ಬು ತಲೆಯ ಮೇಲೆ ಎರಡು ಮೊಳ. ಸಾಲಿನೊಳಗೆ ಗಾಳಿಯಿಲ್ಲ, ಗರಿಗಳು ಕೆನ್ನೆ ಕೊಯ್ಯುತ್ತಿದ್ದವು, ಕಾಲಿಟ್ಟಲ್ಲೆಲ್ಲ ರವದಿ ಪರಪರ ಎನ್ನುತ್ತಿತ್ತು. ನಡು ಹೊಲಕ್ಕೆ ಬರುವ ಹೊತ್ತಿಗೆ ಒಂದು ನಾತ ಬಂತು. ತೊಯ್ದ ಕಂಬಳಿಯನ್ನು ವರ್ಷಗಟ್ಟಲೆ ಮಡಚಿಟ್ಟ ಹಾಗೆ.

ಸಾಲಿನ ಕೊನೆಯಲ್ಲಿ ಕರಿಯ ಗುಡ್ಡೆಯೊಂದು ಎದ್ದು ನಿಂತಿತು. ಎದೆಯ ಮೇಲಿನ ಬಿಳಿ ಪಟ್ಟಿ, ಮಾಸಿದ ಮೂತಿ, ಬೆರಳುದ್ದದ ಉಗುರುಗಳು, ಎಲ್ಲವನ್ನೂ ಬಿಡಿಬಿಡಿಯಾಗಿ ನೋಡಿದೆ. ನನ್ನ ಕೈ ನನ್ನನ್ನು ಕೇಳದೆಯೇ ಕವೆಗೋಲನ್ನು ಮುಂದೆ ಚಾಚಿತು. ಕರಡಿ ಮುಳ್ಳನ್ನು ನೋಡಿತು, ಮೂಸಿತು, ಬಾಯಿ ತೆರೆದು ನನ್ನ ಎದೆ ನಡುಗುವಂತೆ ಅರಚಿತು. ಆದರೆ ಮುಂದೆ ಬರಲಿಲ್ಲ. ತಿರುಗಿ ಗುಡ್ಡದ ಕಡೆಗೆ ಕಬ್ಬು ಮುರಿದುಕೊಂಡು ಓಡಿತು.

"ಹೋತು! ಹೋತಲೇ!" ಎಂದು ನಾನು ಕುಣಿದುಬಿಟ್ಟೆ. ಕೋಲನ್ನು ಆರಿಸಿದವನು ನಾನಲ್ಲವೇ.

ಕುಣಿತ ಮುಗಿದಿರಲಿಲ್ಲ, ಮುರಿಯುವ ಸದ್ದು ಮತ್ತೆ ನಮ್ಮ ಕಡೆಗೇ ಬರತೊಡಗಿತು. ಹೋದದ್ದಕ್ಕಿಂತ ಜೋರಾಗಿ. ನಾನು ಕೋಲು ತಿರುಗಿಸಲು ಹೋದೆ. ಒಣ ಕೊಂಬೆ ಕಬ್ಬಿನ ಗರಿಗೆ ಸಿಕ್ಕಿ ಕವಲಿನಿಂದ ಕಳಚಿ ಅಲ್ಲೇ ಉಳಿಯಿತು. ಕೈಯಲ್ಲಿ ಬರೀ ಕೋಲು. ಹಿಂದೆ ನೋಡಿದರೆ ಯಾರೂ ಇಲ್ಲ.

ಆಗ ಓಡಿದ ಓಟವನ್ನು ನಾನು ಮತ್ತೆಂದೂ ಓಡಿಲ್ಲ. ಕಂಡಿಯ ಹತ್ತಿರ ಬಂದು ನೋಡುತ್ತೇನೆ, ಕಂಡಿ ಮುಚ್ಚಿದೆ! ಮೇಸ್ತ್ರಿ ಮತ್ತು ಆಳುಗಳು ಹೊರಗೆ ಓಡಿದವರು ಮುಳ್ಳನ್ನು ಎಳೆದು ಕಂಡಿಗೆ ಹಾಕಿಕೊಂಡೇ ಓಡಿದ್ದರು. ಕವೆಗೋಲನ್ನು ಮುಳ್ಳಿಗೆ ಹೂಡಿ, ಬೈಗುಳ ಎಷ್ಟು ಬರುತ್ತಿದ್ದವೋ ಅಷ್ಟನ್ನೂ ಬೈಯುತ್ತಾ, ಕೊಂಬೆಗಳನ್ನು ಎತ್ತಿ ಹಾಕಿ ಹೊರಗೆ ಬಿದ್ದೆ. ಪುಣ್ಯಕ್ಕೆ ಕಂಡಿಯ ಹೊರಗೆ ಹಲಗೆಯ ಸದ್ದು ಜೋರಿದ್ದದ್ದರಿಂದ ಕರಡಿ ಅರ್ಧಕ್ಕೇ ನಿಂತಿತ್ತು.

"ಯಾವನಲೇ ಕಂಡಿ ಮುಚ್ಚಿದ್ದು?"

ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿದರು. ಯಾರಿಗೂ ಗೊತ್ತಿಲ್ಲ. ಮೇಸ್ತ್ರಿ ತನ್ನ ಅಂಗೈ ತಿರುಗಿಸಿ ನೋಡಿಕೊಂಡ, ಅಲ್ಲಿ ಹೊಸ ರಕ್ತ, ಮುರಿದ ಮುಳ್ಳು. "ನಾನ ಇರಬೇಕಣ್ಣ. ಹೊಲದಿಂದ ಹೊರಗ ಬಂದೆ, ಮುಚ್ಚಿದೆ. ದನ ಹೊಕ್ಕಾವಲ್ಲ" ಎಂದ. ಅವನ ದನಿಯಲ್ಲಿ ಸ್ವಲ್ಪವೂ ಕಪಟವಿರಲಿಲ್ಲ. ಹೊಲ ಬಿಟ್ಟು ಬರುವಾಗ ಕಂಡಿ ಮುಚ್ಚುವುದು ನಮ್ಮ ಕಡೆ ಉಸಿರಾಡಿದಷ್ಟೇ ಅಭ್ಯಾಸ. ಬೆನ್ನ ಹಿಂದೆ ಕರಡಿಯಿದ್ದರೂ ಕೈ ತನ್ನ ಕೆಲಸ ಮಾಡಿತ್ತು. ನನಗೆ ಸಿಟ್ಟು ನೆತ್ತಿಗೇರಿತ್ತು, ಆದರೂ ನಗು ತಡೆಯಲಾಗಲಿಲ್ಲ.

ಗಾಣಕ್ಕೆ ಬಂದಾಗ ಮಡ್ಡಿ ಏಳುತ್ತಿತ್ತು. ಸಾಹುಕಾರರು "ಕರಡಿ ಏನಂತು?" ಎಂದು ಕೇಳಿದರು. ನಾನು ಸೌಟು ಹಿಡಿದೆ. ಮಡ್ಡಿ ತೆಗೆಯುವಾಗ ಕೈಗೆ ಕೆಲಸ, ತಲೆಗೆ ಬಿಡುವು. ಅವ್ವ ಗಾಣದ ಕಂಬಕ್ಕೆ ಒರಗಿ ನಿಂತು ಕೊಪ್ಪರಿಗೆಯನ್ನೇ ನೋಡುತ್ತಿದ್ದರು. ಅವರ ಮುಖ ನೋಡಲು ನನ್ನಿಂದ ಆಗಲಿಲ್ಲ. ಹಾಲು ಗಟ್ಟಿಯಾಗುತ್ತಾ ಹೋಯಿತು, ಬುರುಗು ಹಳದಿಗೆ ತಿರುಗಿತು. ಪಾಕ ಒಂದು ಹನಿ ತಣ್ಣೀರಿಗೆ ಬಿಟ್ಟು ಉಂಡೆ ಕಟ್ಟಿ ನೋಡುತ್ತಿದ್ದೆ, ಆಗ ಒಂದು ಮಾತು ಹೊಳೆಯಿತು. ಕರಡಿ ಮುಳ್ಳಿಗೆ ಹೆದರಿ ಗುಡ್ಡದ ಕಡೆಗೇ ಓಡಿತ್ತು. ಹೋದದ್ದು ತಿರುಗಿ ಯಾಕೆ ಬಂತು? ನಾನು ಕಂಡಿಯ ಮುಂದೆ ಯಾಕೆ ಸಿಕ್ಕಿಬಿದ್ದೆನೋ ಅದಕ್ಕೇ.

ಮೇಸ್ತ್ರಿಯನ್ನು ಕೂಗಿದೆ. "ಮುಂಜಾನೆ ನೀವು ಯಾವ ಕಡಿಂದ ಹೊಲಕ್ಕ ಇಳಿದ್ರಿ?"

"ಗುಡ್ಡದ ಕಂಡಿಂದ. ನಮ್ಮೂರ ದಾರಿ ಅದಲ್ಲ."

"ಆವಾಗ ಕಂಡಿ ತೆಗೆದಿತ್ತೇನು, ಮುಚ್ಚಿತ್ತೇನು?"

ಅವನು ತಲೆ ಕೆರೆದುಕೊಂಡ. "ತೆಗೆದಿತ್ತು. ನಿನ್ನೆ ಸಂಜಿಕ ಹಿಂದಿನ ಪಾಳಿಯವರ ಹೊಲ ಮುಗಿಸಿ, ಈ ಹೊಲದಾಗ ಹಾದು ಮನಿಗೆ ಹೋಗೂವಾಗ ಎಲ್ಲಾರ ತಲಿಮ್ಯಾಲೂ ವಾಡಿ ಹೊರಿ ಇತ್ತು. ಹಿಂದಿನವ ಮುಚ್ತಾನ ಅಂತ ಮುಂದಿನವ ಹೋಗ್ಯಾನ." ವಾಡಿ ಎಂದರೆ ದನಕ್ಕೆ ಹಾಕುವ ಕಬ್ಬಿನ ತುದಿಯ ಸೋಗೆ. ಕಡಿದವರ ಕೂಲಿಯ ಜೊತೆ ಅದೂ ಅವರದೇ.

"ಮುಂಜಾನೆ ಒಳಗ ಬಂದ ಮ್ಯಾಲೆ?"

"ಮುಚ್ಚಿದ್ವಿ. ಮುಚ್ಚದ ಬಿಡ್ತೀವೇನು?"

ಅವ್ವ ಕಂಬ ಬಿಟ್ಟು ನೆಟ್ಟಗೆ ನಿಂತರು. ಅವರಿಗೆ ನನಗಿಂತ ಮೊದಲೇ ಅರ್ಥವಾಗಿತ್ತು. ರಾತ್ರಿ ತೆರೆದ ಕಂಡಿಯಿಂದ ಬಂದ ಕರಡಿಯನ್ನು ಬೆಳಿಗ್ಗೆ ಇವರು ಹಿಂದಿನಿಂದ ಮುಚ್ಚಿ ಒಳಗೆ ಹಾಕಿದ್ದರು. ಹೆದರಿ ಈ ಕಡೆಯಿಂದ ಓಡಿಬರುವಾಗ ಈ ಕಂಡಿಯನ್ನೂ ಮುಚ್ಚಿದ್ದರು. ಅವ್ವ ವರ್ಷವೆಲ್ಲ ಕಟ್ಟಿದ ಬೇಲಿ ಎದೆಯೆತ್ತರ, ನಾಯಿ ತೂರಲೂ ಜಾಗವಿಲ್ಲ. ಅದರ ಸುತ್ತ ನಿಂತು, ಹೋಗು ಹೋಗು ಎಂದು ಊರೆಲ್ಲ ಡಬ್ಬಿ ಬಡಿದಿತ್ತು.

"ಎಪ್ಪಾ, ಎಲ್ಲಿಗೆ ಹೋಗಬೇಕದು!" ಎಂದರು ಅವ್ವ.

ಅಲ್ಲಿಂದ ಮುಂದೆ ನಿರ್ಧಾರಕ್ಕೆ ಹೊತ್ತು ಬೇಕಾಗಲಿಲ್ಲ. ಕರಡಿಯ ಎದುರಿಗೆ ಹೋಗುವುದು ಬೇಡ. ಹೊರಗಿನಿಂದ ಸುತ್ತು ಹಾಕಿ ಹೋಗಿ ಗುಡ್ಡದ ಕಂಡಿ ತೆರೆಯುವುದು. ಹಲಗೆ, ಡಬ್ಬಿ, ಕೂಗು ಎಲ್ಲವನ್ನೂ ನಿಲ್ಲಿಸುವುದು. ಆ ಪಾಕವನ್ನು ಅಚ್ಚಿಗಿಳಿಸಿ, ಕೊನೆಯ ಕೊಪ್ಪರಿಗೆಗೆ ಹಾಲು ತುಂಬಿಸಿ, ಮಡ್ಡಿ ತೆಗೆಯುವ ಸೌಟನ್ನು ಮುದುಕಪ್ಪನ ಕೈಗೆ ಕೊಟ್ಟೆ. ನಾನು ಆ ಸೌಟನ್ನು ಇನ್ನೊಬ್ಬರ ಕೈಗೆ ಕೊಟ್ಟದ್ದು ಅದೇ ಮೊದಲು. "ಕುದಿ ಬರಬಾರದು ನೋಡಪ್ಪ" ಎಂದು ಎರಡು ಸಲ ಹೇಳಿದೆ.

"ಹೋಗಲೇ, ನೀ ಹುಟ್ಟೂದಕಿಂತ ಮೊದಲ ಮಡ್ಡಿ ತಗದೀನಿ" ಎಂದ ಅವನು.

ನಾನು, ಅವ್ವ, ಮೇಸ್ತ್ರಿ ಮೂವರೇ ಬೇಲಿಯ ಹೊರಬದಿ ಹಿಡಿದು ಬಂಡೆಗಳ ನಡುವೆ ಹತ್ತಿ ಹೋದೆವು. ಗುಡ್ಡದ ಕಂಡಿಗೆ ಕಡಿಯುವವರು ಬೆಳಿಗ್ಗೆ ಹಾಕಿದ್ದ ಮುಳ್ಳು ಸಣ್ಣದಲ್ಲ, ಬುಡಸಮೇತ ಕಡಿದ ಜಾಲಿ ಕೊಂಬೆಗಳು, ಮೇಲೆ ಕಲ್ಲು ಹೇರಿದ್ದರು. ಕಲ್ಲುಗಳನ್ನು ಮೇಸ್ತ್ರಿ ಸದ್ದಾಗದಂತೆ ಇಳಿಸಿದ. ನಾನು ಕವೆಗೋಲು ಹೂಡಿ ಒಂದೊಂದೇ ಕೊಂಬೆ ಎಳೆದು ಪಕ್ಕಕ್ಕೆ ಹಾಕತೊಡಗಿದೆ. ಬಿಸಿಲು ಬಂಡೆಯಿಂದ ಮುಖಕ್ಕೆ ಹೊಡೆಯುತ್ತಿತ್ತು. ಕೈ ಬೆವರಿ ಕೋಲು ಜಾರುತ್ತಿತ್ತು. ಒಳಗೆ ಕಬ್ಬಿನಲ್ಲಿ ಸದ್ದಿಲ್ಲ, ಕರಡಿ ಎಲ್ಲಿದೆಯೋ ತಿಳಿಯದು. ಬಹಳ ಹೊತ್ತು ಹಿಡಿಯಿತು. ನನ್ನ ಮನಸ್ಸು ಅರ್ಧ ಇಲ್ಲಿ, ಅರ್ಧ ಕೊಪ್ಪರಿಗೆಯ ಮುಂದೆ.

ಕೊನೆಯ ಕೊಂಬೆಯನ್ನು ಕವಲಿಗೆ ಎತ್ತಿದೆ. ತಲೆ ಎತ್ತಿದರೆ ಕಬ್ಬಿನ ಅಂಚಿನಲ್ಲಿ ಕರಡಿ ನಿಂತಿತ್ತು. ಒಂದು ಬಂಡಿಯುದ್ದದ ಅಂತರ.

ನಾನು ಕೊಂಬೆಸಮೇತ ಕೋಲನ್ನು ಅದರ ಮುಖಕ್ಕೆ ಹಿಡಿದೆ. ಈ ಸಲ ಹಸಿ ಜಾಲಿ, ಕವಲಿನಲ್ಲಿ ಗಟ್ಟಿಯಾಗಿ ಕೂತಿತ್ತು. ಕರಡಿ ಹಲ್ಲು ತೋರಿಸಿತು. ಒಂದು ಹೆಜ್ಜೆ ಮುಂದಿಟ್ಟಿತು, ಮುಳ್ಳು ತಾಗಿ ಹಿಂದೆ ಸರಿಯಿತು. ಮತ್ತೆ ಮುಂದೆ ಬಂತು. ಕೋಲಿನ ತುದಿ ನನ್ನ ಹೊಟ್ಟೆಗೆ ಒತ್ತುತ್ತಿತ್ತು. ಕೋಲು ಒಳ್ಳೆಯದು, ಆರಿಸಿದ್ದು ಸರಿ, ಇದನ್ನು ಬಿಡಬಾರದು ಎಂದಷ್ಟೇ ತಲೆಯಲ್ಲಿ ಓಡುತ್ತಿತ್ತು. ಆಗ ಅದರ ಬೆನ್ನ ಮೇಲಿನ ಕೂದಲು ಅಲುಗಿತು. ಕೂದಲೊಳಗಿನಿಂದ ಒಂದು ಪುಟ್ಟ ಮೂತಿ ಹೊರಬಂದು ನನ್ನನ್ನು ನೋಡಿತು. ಮರಿ. ತಾಯಿಯ ಬೆನ್ನಿಗೆ ಎರಡು ಕೈಲೂ ಅವುಚಿಕೊಂಡಿತ್ತು.

"ಬಾಜೂಕ ಸರಿಯೋ" ಎಂದರು ಅವ್ವ, ಮೆಲ್ಲಗೆ.

ನನಗೆ ಕೇಳಿಸಿತು. ಕಾಲು ಕೇಳಲಿಲ್ಲ. ಇಷ್ಟು ಹೊತ್ತು ಬೆವರು ಸುರಿಸಿ ತೆರೆದ ಕಂಡಿಯ ನಟ್ಟನಡುವೆ ನಾನೇ ಮುಳ್ಳು ಹಿಡಿದು ನಿಂತಿದ್ದೇನೆ ಎಂಬುದು ಹೊಳೆಯುವ ಸ್ಥಿತಿಯಲ್ಲಿ ನಾನಿರಲಿಲ್ಲ. ಅವ್ವ ಹಿಂದಿನಿಂದ ಬಂದು ಕೋಲಿನ ಬುಡ ಹಿಡಿದು, ಹಟಮಾರಿ ಕರುವನ್ನು ಹಗ್ಗ ಹಿಡಿದು ಎಳೆಯುವಂತೆ, ಕೋಲನ್ನೂ ನನ್ನನ್ನೂ ಕೂಡಿಯೇ ಪಕ್ಕಕ್ಕೆ ಎಳೆದರು. ಇಬ್ಬರೂ ಬಂಡೆಗೆ ಬೆನ್ನು ಹಚ್ಚಿ ನಿಂತೆವು, ಮುಂದೆ ಮುಳ್ಳು.

ಕರಡಿ ಕಂಡಿಯನ್ನು ನೋಡಿತು. ನಮ್ಮನ್ನು ನೋಡಿತು. ಆಮೇಲೆ ನಮಗೆ ಒಂದು ಮಾರು ದೂರದಲ್ಲೇ, ನಾವು ಇಲ್ಲವೇ ಇಲ್ಲವೇನೋ ಎಂಬಂತೆ ದಡದಡನೆ ಹಾದು ಬಂಡೆ ಏರಿ ಹೋಯಿತು. ಮರಿ ಮಾತ್ರ ಬೆನ್ನ ಮೇಲೆ ಕುಲುಕುತ್ತಾ ಕೊನೆಯವರೆಗೂ ಹಿಂತಿರುಗಿ ನೋಡುತ್ತಿತ್ತು.

ಅವ್ವ ಸೆರಗಿನಿಂದ ಮುಖ ಒರೆಸಿಕೊಂಡರು. "ಅದೂ ಬಾಳೇವು ಮಾಡಾಕಿ ಐತಲ್ಲ" ಎಂದರು. ನನಗೆ ಅಳು ಬಂದಹಾಗಾಯಿತು, ನಗುವೂ ಬಂತು, ಎರಡಕ್ಕೂ ಪುರಸೊತ್ತಿರಲಿಲ್ಲ. ಮೇಸ್ತ್ರಿ ಎಲ್ಲಿ ಎಂದು ನೋಡಿದರೆ ಬಂಡೆಯ ಮೇಲೆ, ಹತ್ತಲು ಆಗದ ಜಾಗದಲ್ಲಿ ಹತ್ತಿ ಕುಳಿತಿದ್ದ. ಅವನನ್ನು ಇಳಿಸಿಕೊಂಡು, ಆಳುಗಳನ್ನು ಕೂಗಿ ಕರೆದು, ಕಬ್ಬಿಗೆ ಕೊಯ್ತಾ ಹಾಕಿಸಿ, ನಾನು ಗಾಣಕ್ಕೆ ಓಡಿದೆ.

ಮಡ್ಡಿ ಚೊಕ್ಕಟವಾಗಿ ತೆಗೆದಿತ್ತು. ಆದರೆ ಪಾಕ ನಾನು ಎಣಿಸಿದಷ್ಟು ಮುಂದೆ ಹೋಗಿರಲಿಲ್ಲ. ಸಾಹುಕಾರರು ಒಲೆಯ ಮುಂದೆ ನಿಂತು ಕೈಕೈ ಹಿಸುಕಿಕೊಳ್ಳುತ್ತಿದ್ದರು. "ನೋಡಪಾ, ಈ ಮುದುಕ ಉರೀನ ಹಚ್ಚವೊಲ್ಲ! ಎಲ್ಲಾ ಬರೀ ಹೊಗಿ!"

"ಸಿಪ್ಪಿ ಹಸೀ ಐತ್ರಿ, ನಾ ಏನ ಮಾಡ್ಲಿ" ಎಂದ ಮುದುಕಪ್ಪ, ಹಿಂಡಿದ ಕಬ್ಬಿನ ಒಣ ಸಿಪ್ಪೆಯ ಬಣವೆಗೆ ಬೆನ್ನು ಮಾಡಿ ಕುಳಿತು.

ನಾನು ಕೊಪ್ಪರಿಗೆಯ ಮುಂದೆ ನಿಂತೆ. ಉರಿ ಅವನದು, ಪಾಕ ನನ್ನದು. ಆದರೆ ನಿಧಾನ ಎಂದರೂ ಪಾಕ ಬರುವುದು ಬಂದೇ ಬರುತ್ತದೆ, ಬಂದ ಮೇಲೆ ಒಂದು ಉಸಿರು ತಡೆದರೂ ಬೆಲ್ಲ ಸುಟ್ಟುಹೋಗುತ್ತದೆ. ಅದು ಹಿಂದಿನ ಪಾಳಿಯವರ ವರ್ಷದ ದುಡಿಮೆ. ಅವ್ವನ ಮೇಲೆ ನನಗೆ ಎಷ್ಟೇ ಮರುಕವಿದ್ದರೂ ಅದನ್ನು ಕೆಡಿಸುವ ಹಕ್ಕು ನನಗಿರಲಿಲ್ಲ. ಬುರುಗು ಕೆಂಪಾಯಿತು. ದೊಡ್ಡ ಗುಳ್ಳೆಗಳು ಸಣ್ಣವಾದವು. ಹನಿ ಬಿಟ್ಟು ಉಂಡೆ ಕಟ್ಟಿದೆ, ಇನ್ನೂ ಮೆತ್ತಗಿತ್ತು. ದಾರಿ ನೋಡಿದೆ, ಯಾರೂ ಇಲ್ಲ. ಮತ್ತೆ ಉಂಡೆ ಕಟ್ಟಿ ಕಲ್ಲಿನ ಮೇಲೆ ಎಸೆದೆ. ಇನ್ನೊಂದು ಚಣವಾದರೆ ಅದು ಟಣ್ ಎನ್ನುತ್ತಿತ್ತು, ಟಣ್ ಎಂದರೆ ಪಾಕ ಬಂತೆಂದೇ ಲೆಕ್ಕ. ಕೊಪ್ಪರಿಗೆ ಎತ್ತುವವರು ಅದರ ಹಿಡಿಯ ಕಿವಿಗಳಿಗೆ ಕೋಲು ತೂರಿಸಿ ಸಿದ್ಧವಾಗಿ ನಿಂತರು. ಸಾಹುಕಾರರು ಬಂಡಿಯ ಹಗ್ಗ ಬಿಚ್ಚತೊಡಗಿದರು.

ಹುಣಸೆ ಮರದ ಆಚೆಯಿಂದ ಧೂಳು ಎದ್ದಿತು. ಬಂಡಿಯಲ್ಲ. ತಲೆಯ ಮೇಲೆ ಆಳುದ್ದದ ಕಬ್ಬಿನ ಹೊರೆ ಹೊತ್ತು, ಸೀರೆ ಮೇಲೆ ಕಟ್ಟಿ, ಅವ್ವ ಓಡಿಬರುತ್ತಿದ್ದರು. ಬಂಡಿ ತುಂಬುವವರೆಗೆ ಕಾಯದೆ, ಮೊದಲು ಕಡಿದಷ್ಟನ್ನು ಕಟ್ಟಿ ಹೊತ್ತು ತಂದಿದ್ದರು. ಕಣದಲ್ಲಿ ಸಾಹುಕಾರರ ಬಂಡಿ ಅಡ್ಡ ನಿಂತಿತ್ತು. ಅದರ ನೊಗ ಕಟ್ಟುವ ಮೂಕಿಯ ಕೆಳಗೆ ಬಗ್ಗಿ ತೂರಿ, ಹೊರೆಯನ್ನು ಗಾಣದ ಮುಂದೆ ಕೆಡವಿ, ಎರಡು ಜಲ್ಲೆ ಎತ್ತಿ ಉರುಳೆಗೆ ಕೊಟ್ಟರು. ಎತ್ತು ಹೊಡೆಯುವವ ಬಾರಕೋಲು ಝಳಪಿಸಿದ. ಗಾಣ ಕಿರ್ರೆಂದಿತು, ಹಾಲು ಡೋಣಿಗೆ ಇಳಿಯಿತು. ಅದೇ ಚಣಕ್ಕೆ ನನ್ನ ಉಂಡೆ ಕಲ್ಲಿನ ಮೇಲೆ ಟಣ್ ಎಂದಿತು.

"ಇಳಸ್ರಿ!" ಎಂದು ಕೂಗಿದೆ. ನನ್ನ ದನಿ ಗುಡ್ಡಕ್ಕೆ ಕೇಳಿಸಿರಬೇಕು.

ಕೊಪ್ಪರಿಗೆ ಇಳಿಯಿತು, ಒಲೆ ಆರಲಿಲ್ಲ. ಕಣದಲ್ಲಿದ್ದವರೆಲ್ಲರೂ ಸಾಹುಕಾರರ ಕಡೆ ನೋಡಿದರು. ಅವ್ವ ಸುರಿಯುವ ಹಾಲಿಗೆ ಬೊಗಸೆ ಒಡ್ಡಿ ಒಂದು ಗುಟುಕು ಕುಡಿದು, ಮುಖದ ಧೂಳು ಒರೆಸಿಕೊಂಡು, ಅವರ ಕಡೆಗೆ ತಿರುಗಿದರು.

"ಸಾವ್ಕಾರ್ರ, ನಿಮ್ಮ ಬಂಡಿ ಹಿಂದಕ್ಕ ತಕ್ಕೋರಿ. ನನ್ನ ಬಂಡಿ ಬರೂದೈತಿ."

ಸಾಹುಕಾರರು ಬಿಚ್ಚಿದ ಹಗ್ಗವನ್ನು ಮತ್ತೆ ಕಟ್ಟಿದರು. ಆಮೇಲೆ ವಲ್ಲಿಯನ್ನು ಸೊಂಟಕ್ಕೆ ಬಿಗಿದು, "ಬರ್ರಲೇ, ಕೈ ಹಚ್ಚರಿ" ಎಂದು ತಾವೇ ಮೂಕಿ ಹಿಡಿದರು. ತುಂಬಿದ ಬಂಡಿ ಹಿಂದಕ್ಕೆ ಹೋಗುವುದು ಸುಲಭವಲ್ಲ. ಎಲ್ಲರೂ ಗಾಲಿಗೆ ಹೆಗಲು ಕೊಟ್ಟು ನೂಕಿದರು.